ತಲೆಗೆ ಬಣ್ಣ: ಮನ್ಯಾಗೋ, ಅಂಗಡ್ಯಾಗೋ? ಮೊದಲ ಕಿವಿ ಹಿಂದ ಒಂದು ಚುಕ್ಕಿ ಇಡ್ರಿ

ಸೊಲ್ಲಾಪುರ: ನಾಳೆ ಅಕ್ಕಲಕೋಟೆಯಲ್ಲಿ ಲಗ್ನ. ಇವತ್ತು ರಾತ್ರಿ ಊಟ ಮುಗಿದ ಮೇಲೆ ಬಚ್ಚಲಮನೆ ಬಾಗಿಲಿಗೆ ಒಂದು ಸ್ಟೂಲು ಬರುತ್ತದೆ. ಹಳೆಯ ಬಟ್ಟಲು, ಹಲ್ಲುಜ್ಜಿ ಸವೆದ ಬ್ರಷ್ಷು, ಕತ್ತರಿಸಿದ ಪಾಕೀಟು ಸಾಲಾಗಿ ಕೂರುತ್ತವೆ. ಟಾವೆಲ್ಲಿಗೆ ದೇಶದಲ್ಲೆಲ್ಲ ಹೆಸರಾದ ಊರು ಸೊಲ್ಲಾಪುರ. ಆದರೂ ಇಲ್ಲಿನ ಮನೆಮನೆಯಲ್ಲಿ ಕಪ್ಪು ಕಲೆ ಬಿದ್ದ ಒಂದು ಹಳೇ ಟಾವೆಲ್ಲು ಇದಕ್ಕಂತಲೇ ಬೇರೆ ಇಟ್ಟಿರುತ್ತಾರೆ!

‘ಯವ್ವಾ, ಈ ಸಲ ಪಾರ್ಲರ್‌ಗೆ ಹೋಗೂಣು ನಡಿ’ ಅಂತಾಳೆ ಮಗಳು. ‘ಅಲ್ಲಿ ಯಾಕ ರೊಕ್ಕ ಸುರೀತಿ? ಮೂವತ್ತು ರೂಪಾಯಿ ಪಾಕೀಟಿನ್ಯಾಗ ಮುಗೀತೈತಿ’ ಅಂತಾಳೆ ತಾಯಿ. ತುಳಸಿ ಲಗ್ನ ಮುಗಿದು ಮದುವೆ ಸೀಸನ್ ಶುರುವಾದರೆ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದರೆ, ಏಪ್ರಿಲ್-ಮೇ ತಿಂಗಳಲ್ಲಿ ಮತ್ತೆ ಲಗ್ನಗಳು ಒತ್ತಿ ಬಂದರೆ ಗಡಿಯೀಚೆಯ ಕನ್ನಡದ ಮನೆಗಳಲ್ಲಿ ಈ ಜಗಳ ಇದ್ದದ್ದೇ. ಗಂಡಸರದ್ದೂ ಇದೇ ಕತೆ. ಒಬ್ಬರು ಕನ್ನಡಿ ಮುಂದೆ ನಿಂತು ಮೀಸೆಗೆ ತಾವೇ ಬ್ರಷ್ ಆಡಿಸುತ್ತಾರೆ, ಇನ್ನೊಬ್ಬರು ಕಟಿಂಗ್ ಅಂಗಡಿಗೆ ಹೋಗಿ ಕೂರುತ್ತಾರೆ.

ಮನೆಯೋ, ಅಂಗಡಿಯೋ? ಈ ಪ್ರಶ್ನೆಗೆ ರೊಕ್ಕದ ಲೆಕ್ಕ ಒಂದು ಉತ್ತರ ಕೊಡುತ್ತದೆ, ಅಂದದ ಲೆಕ್ಕ ಇನ್ನೊಂದು. ಎರಡೂ ಕಡೆ ಬಿಟ್ಟುಹೋಗುವ ಒಂದು ಕೆಲಸವಿದೆ. ಅದಕ್ಕೆ ಖರ್ಚಿಲ್ಲ, ಆದರೆ ಎರಡು ದಿನ ಬೇಕು. ಹಿಂದಿನ ರಾತ್ರಿ ಬಣ್ಣಕ್ಕೆ ಕೂರುವವರ ಹತ್ತಿರ ಇರದೇ ಇರೋದು ಆ ಎರಡು ದಿನವೇ.

ಪಾಕೀಟಿನೊಳಗೆ ಏನಿರುತ್ತದೆ?

ಪುಡಿಯಾಗಲಿ, ಕ್ರೀಮಾಗಲಿ, ಕೂದಲನ್ನು ವಾರಗಟ್ಟಲೆ ಕಪ್ಪಾಗಿ ಇಡುವ ಹೆಚ್ಚಿನ ಬಣ್ಣಗಳ ಮೂಲ ಒಂದೇ: ಪ್ಯಾರಾ ಫೆನಿಲೀನ್ ಡೈಅಮೈನ್. ಬಾಯಿಗೆ ಸುಲಭವಾಗಲಿ ಅಂತ ಪಿಪಿಡಿ ಅಂತಾರೆ. ಫ್ರಾನ್ಸಿನ ರಸಾಯನ ಶಾಸ್ತ್ರಜ್ಞ ಯೂಜೀನ್ ಶುಲೆರ್ 1907ರಲ್ಲಿ ತಲೆಗೂದಲ ಬಣ್ಣ ತಯಾರಿಸಿ ಪ್ಯಾರಿಸ್ಸಿನ ಕ್ಷೌರದಂಗಡಿಗಳಿಗೆ ಮಾರತೊಡಗಿದರು. ಇವತ್ತಿನ ದೊಡ್ಡ ಕಂಪನಿ ಲೋರಿಯಲ್‌ನ ಆರಂಭ ಅದು. ನೂರು ವರ್ಷ ದಾಟಿದರೂ ಕಾಯಂ ಕಪ್ಪಿಗೆ ಪಿಪಿಡಿ ಮತ್ತು ಅದರ ಸಂಬಂಧಿಕ ರಾಸಾಯನಿಕಗಳೇ ಇಂದಿಗೂ ಆಧಾರ.

ಕೆಲಸ ನಡೆಯುವ ರೀತಿ ಹೀಗೆ. ಕ್ರೀಮಿನಲ್ಲಿರುವ ಅಮೋನಿಯಾ ಅಥವಾ ಅಂಥದ್ದೇ ಕ್ಷಾರ ಕೂದಲಿನ ಮೇಲಿನ ಹೊದಿಕೆಯನ್ನು ಉಬ್ಬಿಸಿ ಸಡಿಲ ಮಾಡುತ್ತದೆ. ಪಿಪಿಡಿ ಒಳಗೆ ಇಳಿಯುತ್ತದೆ. ಇನ್ನೊಂದು ಟ್ಯೂಬಿನ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ದೊಡ್ಡ ದೊಡ್ಡ ಬಣ್ಣದ ಕಣಗಳಾಗುತ್ತದೆ. ಸಣ್ಣದಾಗಿ ಒಳಗೆ ಹೋದದ್ದು ದೊಡ್ಡದಾಗಿ ಅಲ್ಲೇ ಸಿಕ್ಕಿಬೀಳುವುದರಿಂದ ಬಣ್ಣ ತೊಳೆದರೂ ಹೋಗುವುದಿಲ್ಲ. ನೀರು ಕಲಸಿ ಹಚ್ಚುವ ಪುಡಿಯಲ್ಲಿ ಪೆರಾಕ್ಸೈಡಿನ ಕೆಲಸವನ್ನು ನೀರು ತಾಗಿದ ಕೂಡಲೇ ಆಮ್ಲಜನಕ ಬಿಡುವ ಮತ್ತೊಂದು ಪುಡಿ ಮಾಡುತ್ತದೆ. ಹಾಗಾಗಿ ‘ಪುಡಿ ಅಂದ್ರ ಸಾದಾ, ಕ್ರೀಮ್ ಅಂದ್ರ ಕೆಮಿಕಲ್’ ಅನ್ನೋ ಮಾತಿನಲ್ಲಿ ಹುರುಳಿಲ್ಲ. ‘ಅಮೋನಿಯಾ ಇಲ್ಲ’ ಅಂತ ಬರೆದ ಡಬ್ಬಿಯಲ್ಲಿ ಘಾಟು ಕಡಿಮೆ ಇರಬಹುದು, ಪಿಪಿಡಿ ಇರಲಿಕ್ಕಿಲ್ಲ ಅಂತ ಅದರರ್ಥ ಅಲ್ಲ.

ತೊಂದರೆ ಇರುವುದು ಈ ಪಿಪಿಡಿಯಲ್ಲೇ. ಎಲ್ಲರಿಗೂ ಅದು ಒಗ್ಗುವುದಿಲ್ಲ. ಒಗ್ಗದವರಿಗೆ ಕಿವಿ, ಹಣೆ, ಕುತ್ತಿಗೆ ಕೆಂಪಾಗಿ ತುರಿಸುತ್ತದೆ, ನೀರ್ಗುಳ್ಳೆ ಏಳುತ್ತದೆ, ಕಣ್ಣಿನ ರೆಪ್ಪೆ ಊದಿ ಕಣ್ಣು ಮುಚ್ಚಿಹೋಗುತ್ತದೆ. ಅಮೆರಿಕದ ಚರ್ಮವೈದ್ಯರ ಸಂಘಟನೆಯೊಂದು 2006ರಲ್ಲಿ ಪಿಪಿಡಿಯನ್ನೇ ‘ವರ್ಷದ ಅಲರ್ಜಿಕಾರಕ’ ಎಂದು ಆರಿಸಿ ವೈದ್ಯರ ಗಮನ ಸೆಳೆದಿತ್ತು. ಯುರೋಪಿನಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಕಲಸಿದ ಬಣ್ಣದಲ್ಲಿ ಪಿಪಿಡಿ ಶೇ 2ನ್ನು ಮೀರಬಾರದು ಎಂಬ ಮಿತಿಯಿದೆ.

‘ಹತ್ತು ವರ್ಷ ಆತು, ಏನೂ ಆಗಿಲ್ಲ’

ಬಣ್ಣದ ಮಾತು ಬಂದಾಗ ಎಲ್ಲರೂ ಹೇಳುವ ಧೈರ್ಯದ ಮಾತು ಇದು. ಮೋಸ ಇರುವುದೂ ಇಲ್ಲೇ. ಈ ಅಲರ್ಜಿ ಹುಟ್ಟಿನಿಂದ ಬರುವಂಥದ್ದಲ್ಲ. ಹಚ್ಚುತ್ತ ಹಚ್ಚುತ್ತ ಮೈ ಅದನ್ನು ಗುರುತು ಹಿಡಿಯಲು ಕಲಿಯುತ್ತದೆ. ಒಂದು ದಿನ ಗುರುತು ಹಿಡಿದ ಮೇಲೆ ಅದೇ ಪಾಕೀಟು, ಅದೇ ಅಳತೆ, ಅದೇ ಕೈ ಇದ್ದರೂ ಮುಖ ಊದುತ್ತದೆ. ಒಮ್ಮೆ ಅಲರ್ಜಿ ಬಂತೆಂದರೆ ಸಾಮಾನ್ಯವಾಗಿ ಅದು ಜೀವನಪೂರ್ತಿ ಉಳಿಯುತ್ತದೆ. ಕಂಪನಿ ಬದಲಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಒಳಗಿನ ವಸ್ತು ಬದಲಾಗಿರುವುದಿಲ್ಲ.

ಇನ್ನೊಂದು ಮೋಸ ಸಮಯದ್ದು. ಹಚ್ಚಿದ ಕೂಡಲೇ ಉರಿಯದಿದ್ದರೆ ‘ಒಗ್ಗೈತಿ’ ಅಂದುಕೊಳ್ಳುತ್ತಾರೆ. ಆದರೆ ಈ ಅಲರ್ಜಿ ಒಂದರಿಂದ ಮೂರು ದಿನ ತಡೆದು ಬರುವಂಥದ್ದು. ಅಂದರೆ ಶುಕ್ರವಾರ ರಾತ್ರಿ ಹಚ್ಚಿಕೊಂಡದ್ದು ಶನಿವಾರ ಅಕ್ಕಿಕಾಳು ಹಾಕುವ ಹೊತ್ತಿಗೋ, ರವಿವಾರ ಬೀಗರ ಮನೆಗೆ ಹೊರಟಾಗಲೋ ಮುಖದ ಮೇಲೆ ಕಾಣುತ್ತದೆ.

ಎರಡು ದಿನದ ಚುಕ್ಕಿ

ಇದಕ್ಕಿರುವ ಉಪಾಯ ಸಣ್ಣದು. ತಲೆಗೆ ಹಚ್ಚಬೇಕೆಂದಿರುವ ಬಣ್ಣವನ್ನೇ ಚೀಟಿಯಲ್ಲಿ ಹೇಳಿದ ಹಾಗೆ ಚಿಟಿಕೆಯಷ್ಟು ಕಲಸಿ, ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಚುಕ್ಕಿ ಇಡಬೇಕು. ಅದು ಒಣಗಲಿ. ಪಾಕೀಟಿನ ಮೇಲೆ 24 ತಾಸು ಅಂತಿರಲಿ, 48 ತಾಸು ಅಂತಿರಲಿ, 48 ತಾಸು ಕಾಯುವುದು ಲೇಸು. ತುರಿಕೆ, ಕೆಂಪು, ಬಾವು, ಗುಳ್ಳೆ ಇವುಗಳಲ್ಲಿ ಒಂದು ಕಂಡರೂ ಚುಕ್ಕಿ ತೊಳೆದು ಆ ಪಾಕೀಟು ಕಸಕ್ಕೆ. ಏನೂ ಇಲ್ಲದಿದ್ದರೆ ಹಚ್ಚಬಹುದು. ಪ್ರತಿ ಸಲವೂ ಇದೇ ಕ್ರಮ. ಹೋದ ತಿಂಗಳ ಚುಕ್ಕಿ ಈ ತಿಂಗಳಿಗೆ ನಡೆಯುವುದಿಲ್ಲ. ಹಿಂದೆ ಒಮ್ಮೆ ಬಣ್ಣದಿಂದ ಮುಖ ಊದಿದವರು ಮಾತ್ರ ಮನೆಯಲ್ಲಿ ಈ ಪರೀಕ್ಷೆಗೂ ಇಳಿಯದೆ ಚರ್ಮದ ಡಾಕ್ಟರರನ್ನೇ ಕಾಣಬೇಕು.

ಇದು ಯಾರೋ ಹೇಳಿದ ಮನೆಮದ್ದಲ್ಲ, ಕಾನೂನಿನಲ್ಲೇ ಇರುವ ಮಾತು. ಪಿಪಿಡಿ ಇರುವ ಬಣ್ಣದ ಪಾಕೀಟಿನ ಮೇಲೆ ‘ಚರ್ಮಕ್ಕೆ ತೊಂದರೆಯಾಗಬಹುದು, ಮೊದಲು ಪರೀಕ್ಷೆ ಮಾಡಿ, ಹುಬ್ಬು, ರೆಪ್ಪೆಗೂದಲಿಗೆ ಹಚ್ಚಬೇಡಿ, ಕುರುಡುತನ ಬರಬಹುದು’ ಎಂಬ ಅರ್ಥದ ಎಚ್ಚರಿಕೆ ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಗಳಲ್ಲಿ ಇರಬೇಕೆಂದು ಕೇಂದ್ರದ 1945ರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳಲ್ಲಿ ಇತ್ತು. 2020ರಲ್ಲಿ ಸೌಂದರ್ಯವರ್ಧಕಗಳಿಗೆ ಬೇರೆ ನಿಯಮಗಳು ಬಂದ ಮೇಲೂ ಅದು ಉಳಿದಿದೆ.

‘ಸ್ಥಳೀಯ ಭಾಷೆ’ ಅಂದರೆ ಯಾವುದು? ಗಡಿಯ ಕನ್ನಡಿಗರಿಗೆ ಇದು ಹಳೆಯ ಪ್ರಶ್ನೆ. ಜತ್ತ ತಾಲ್ಲೂಕಿನ ಅಂಗಡಿಯಲ್ಲಿ ಕೊಂಡ ಪಾಕೀಟು ಮರಾಠಿ-ಹಿಂದಿಯಲ್ಲಿ ಮಾತಾಡುತ್ತದೆ. ಕಾಸರಗೋಡಿನದು ಮಲಯಾಳದಲ್ಲಿ, ತಾಳವಾಡಿಯದು ತಮಿಳಿನಲ್ಲಿ, ಆದವಾನಿಯದು ತೆಲುಗಿನಲ್ಲಿ. ಒಳಗಿನ ಮಡಿಚಿದ ಚೀಟಿಯಲ್ಲಿ ಹತ್ತು ಭಾಷೆಗಳ ನಡುವೆ ಕನ್ನಡ ಸಿಕ್ಕರೂ ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಕನ್ನಡ ಶಾಲೆ ಕಲಿತ ಆಯಿ ಚಸ್ಮಾ ಹಾಕಿದರೂ ಓದಲಾರಳು. ಹೊಲದಲ್ಲೇ ಬೆಳೆದ ಆಯಿಗೆ ಅಕ್ಷರವೇ ಬಾರದು. ಈ ಕೆಲಸಕ್ಕೆ ಮನೆಯಲ್ಲೇ ಒಬ್ಬರಿದ್ದಾರೆ. ಮರಾಠಿ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುವ ಮೊಮ್ಮಗಳು ಓದಿ ಕನ್ನಡದಲ್ಲಿ ಹೇಳಲಿ. ‘ಆಯಿ, ಇದರಾಗ ಎರಡು ದಿನ ಮೊದಲ ಹಚ್ಚಿ ನೋಡ್ರಿ ಅಂತ ಬರದಾರ’ ಅನ್ನುವ ಒಂದು ಮಾತು ಸಾಕು.

ಮನೆಯಲ್ಲಿ ಹಚ್ಚಿದರೆ

ಮನೆಯ ದೊಡ್ಡ ಲಾಭ ರೊಕ್ಕ. ಸಣ್ಣ ಪಾಕೀಟು ಇಪ್ಪತ್ತು-ನಲವತ್ತು ರೂಪಾಯಿಗೆ ಸಿಗುತ್ತದೆ. ಎರಡನೇ ಲಾಭ ಹೆಚ್ಚಿನವರಿಗೆ ಹೊಳೆಯುವುದಿಲ್ಲ: ಏನು ಹಚ್ಚುತ್ತಿದ್ದೇವೆ ಅನ್ನೋದು ಕಣ್ಣೆದುರೇ ಇರುತ್ತದೆ. ಚುಕ್ಕಿ ಇಟ್ಟು ನೋಡಿದ ಪಾಕೀಟೇ ತಲೆಗೂ ಹೋಗುತ್ತದೆ.

ತಪ್ಪುಗಳೂ ಅಲ್ಲೇ ಕಾಯುತ್ತಿರುತ್ತವೆ. ಮೊದಲನೆಯದು, ಪ್ರತಿ ಸಲ ಬುಡದಿಂದ ತುದಿವರೆಗೆ ಹಚ್ಚುವುದು. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಬಿಳಿ ಕಾಣುವುದು ಬೈತಲೆಯಲ್ಲಿ, ಕಿವಿ ಪಕ್ಕದಲ್ಲಿ. ಬಣ್ಣ ಅಷ್ಟಕ್ಕೇ ಸಾಕು. ಈಗಾಗಲೇ ಬಣ್ಣ ಕುಡಿದ ತುದಿಗೆ ಮತ್ತೆ ಮತ್ತೆ ಹಚ್ಚಿದರೆ ಅದು ನಾರಾಗುತ್ತದೆ. ಎರಡನೆಯದು, ‘ಚಲೋ ಹಿಡೀಲಿ’ ಅಂತ ಅರ್ಧ ತಾಸಿನದನ್ನು ಒಂದು ತಾಸು ಬಿಡುವುದು. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಹಿಡಿಯುವುದಿಲ್ಲ, ತಲೆಚರ್ಮ ಉರಿಯುತ್ತದೆ ಅಷ್ಟೇ. ಮೂರನೆಯದು, ಉಳಿದ ಬಣ್ಣವನ್ನು ಮುಚ್ಚಿಡುವುದು. ಕಲಸಿದ ಬಣ್ಣ ಗಾಳಿ ತಾಗಿ ಬಟ್ಟಲಲ್ಲೇ ಮಾಗಿಬಿಡುತ್ತದೆ, ನಾಳೆ ಅದು ಕೂದಲಿಗೆ ಹಿಡಿಯುವುದಿಲ್ಲ. ನಾಲ್ಕನೆಯದು, ಹಿಂದಲೆ. ಕನ್ನಡಿ ಮುಂದೆ ನಿಂತವರಿಗೆ ತಮ್ಮ ಹಿಂದಲೆ ಕಾಣುವುದಿಲ್ಲ, ಊರಿಗೆಲ್ಲ ಕಾಣುತ್ತದೆ! ವೈನಿಯನ್ನೋ ತಂಗಿಯನ್ನೋ ಕರೆದು ಕೂರಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ನೀರಿನ ಲೆಕ್ಕವೂ ಇದೆ. ಬಣ್ಣ ಪೂರ್ತಿ ಬಿಡುವ ತನಕ ತಲೆ ತೊಳೆಯಬೇಕೆಂದರೆ ಎರಡು-ಮೂರು ಬಕೆಟ್ ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ನೋಡುವ ಜತ್ತದ ಪೂರ್ವಭಾಗದ ಹಳ್ಳಿಗಳಲ್ಲಿ ಇದು ಸಣ್ಣ ಮಾತಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಶಾಂಪೂ ನೊರೆಯೂ ಬೇಗ ಬರುವುದಿಲ್ಲ. ನೀರು ಉಳಿಸಲು ಹೋಗಿ ಅರ್ಧ ತೊಳೆದರೆ ಬಣ್ಣ ಕಿವಿ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಉಳಿದು ರಾತ್ರಿಯಿಡೀ ಚರ್ಮಕ್ಕೆ ಅಂಟಿಕೊಂಡಿರುತ್ತದೆ.

ಅಂಗಡಿಯಲ್ಲಿ ಹಚ್ಚಿಸಿದರೆ

ಅಂಗಡಿಯ ಲಾಭ ಕೈ ಪಳಗಿದ್ದು. ಹಿಂದಲೆ ಸಮನಾಗಿ ಹಿಡಿಯುತ್ತದೆ, ಹಣೆಗೆ ಬಣ್ಣ ಇಳಿಯುವುದಿಲ್ಲ, ಮನೆಯ ನೀರೂ ಉಳಿಯುತ್ತದೆ. ಕೆಲವು ಕೆಲಸ ಅಂಗಡಿಯಲ್ಲೇ ಆಗಬೇಕು. ಕಪ್ಪು ಕೂದಲನ್ನು ಕಂದು, ಕೆಂಚು ಮಾಡಬೇಕಾದರೆ ಮೊದಲು ಇದ್ದ ಬಣ್ಣವನ್ನು ಬ್ಲೀಚ್ ಮಾಡಿ ತೆಗೆಯಬೇಕು. ಕಾಲೇಜಿನ ಹುಡುಗ-ಹುಡುಗಿಯರು ಮನೆಯಲ್ಲಿ ಇದಕ್ಕೆ ಕೈ ಹಾಕಿದರೆ ಕೂದಲು ಅಲ್ಲಲ್ಲಿ ಅರಿಸಿನ ಬಣ್ಣಕ್ಕೆ ತಿರುಗಿ ಮುರಿದು ಕೈಗೆ ಬರುತ್ತದೆ. ಒಮ್ಮೆ ಕಪ್ಪು ಡೈ ಹಚ್ಚಿದ ತಲೆಯ ಮೇಲೆ ತಿಳಿ ಬಣ್ಣ ಹಚ್ಚಿದರೆ ಅದು ತಿಳಿಯಾಗುವುದೂ ಇಲ್ಲ.

ಖರ್ಚು ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಬೇರೆ. ಓಣಿಯ ಕಟಿಂಗ್ ಅಂಗಡಿಯಲ್ಲಿ ನೂರು-ಇನ್ನೂರರಲ್ಲಿ ಆಗುವ ಕೆಲಸ, ದೊಡ್ಡ ಪಾರ್ಲರಿನಲ್ಲಿ ಉದ್ದ ಕೂದಲಿನ ಹೆಂಗಸರಿಗೆ ಸಾವಿರ ದಾಟುತ್ತದೆ. ಸಲೂನ್, ಪಾರ್ಲರ್ ಸೇವೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಬಿಲ್ಲು ಕೊಡುವ ಅಂಗಡಿಗೆ ಹೋದವರು ಆ ಸಾಲನ್ನು ಒಮ್ಮೆ ನೋಡಿಕೊಳ್ಳಬಹುದು.

ಕೇಳಬೇಕಾದದ್ದು ಮಾತ್ರ ಬೆಲೆಯೊಂದೇ ಅಲ್ಲ. ಬಟ್ಟಲಲ್ಲಿ ಆಗಲೇ ಕಲಸಿಟ್ಟ ಬಣ್ಣ ಯಾವ ಡಬ್ಬಿಯದು ಅಂತ ಕೂತವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಒಂದಕ್ಕೆ ಚುಕ್ಕಿ ಇಟ್ಟು, ಅಂಗಡಿಯಲ್ಲಿ ಬೇರೊಂದನ್ನು ಹಚ್ಚಿಸಿಕೊಂಡರೆ ಪರೀಕ್ಷೆ ಮಾಡಿಯೂ ಮಾಡದಂತೆ. ಇದಕ್ಕೆ ಎರಡು ದಾರಿಗಳಿವೆ. ಎರಡು ದಿನ ಮೊದಲೇ ಅಂಗಡಿಗೆ ಹೋಗಿ ‘ಅಣ್ಣಾರ, ನೀವು ಹಚ್ಚೂದು ಇದರಾಗ ಒಂದು ಚುಕ್ಕಿ ಕಿವಿ ಹಿಂದ ಇಡ್ರಿ’ ಅನ್ನಬಹುದು. ಇಲ್ಲವೇ ಸಣ್ಣ ಊರುಗಳಲ್ಲಿ ಹಲವರು ಮಾಡುವ ಹಾಗೆ ‘ಪಾಕೀಟು ನಾ ತಂದೀನಿ, ಹಚ್ಚೂದು ನಿಮ್ಮ ಕೆಲಸ’ ಅಂತ ತಮ್ಮದನ್ನೇ ಕೈಗೆ ಕೊಡಬಹುದು. ಚುಕ್ಕಿ ಮನೆಯದು, ಕೈ ಅಂಗಡಿಯದು. ಮನೆ-ಅಂಗಡಿ ಜಗಳಕ್ಕೆ ಇದು ನಡುವಿನ ದಾರಿ, ಹೆಚ್ಚಿನ ಅಂಗಡಿಯವರು ಕೂಲಿಯಷ್ಟೇ ತೆಗೆದುಕೊಂಡು ಹಚ್ಚಿಕೊಡುತ್ತಾರೆ.

‘ಮೆಹಂದಿ ಐತ್ರೀ, ಏನೂ ಆಗಂಗಿಲ್ಲ!’

ಡೈ ಬೇಡ ಅನ್ನುವವರು ಮದರಂಗಿಗೆ ಹೋಗುತ್ತಾರೆ. ಕಬ್ಬಿಣದ ಬಾಣಲೆಯಲ್ಲಿ ಚಹಾದ ಡಿಕಾಕ್ಷನ್ ಹಾಕಿ ರಾತ್ರಿ ನೆನೆಸಿಟ್ಟು ಮುಂಜಾನೆ ಹಚ್ಚುವುದು ಹಳೆಯ ರೂಢಿ. ಮದರಂಗಿ ಎಲೆಯಲ್ಲಿರುವ ಬಣ್ಣದ ಹೆಸರು ಲಾಸೋನ್. ಅದು ಬಿಳಿ ಕೂದಲಿಗೆ ಕೊಡುವುದು ಕಿತ್ತಳೆ ಮಿಶ್ರಿತ ಕೆಂಪು. ಚಹಾ, ಕಬ್ಬಿಣ ಸೇರಿದರೆ ತುಸು ಗಾಢವಾಗುತ್ತದೆ, ಕಡುಗಪ್ಪಾಗುವುದಿಲ್ಲ. ರಾಜಸ್ಥಾನದ ಸೋಜತ್‌ನಿಂದ ಬರುವ ಪುಡಿಯಿರಲಿ, ಹಿತ್ತಲ ಗಿಡದ ಎಲೆಯಿರಲಿ, ಶುದ್ಧ ಮದರಂಗಿಯ ಗುಣ ಇದೇ.

ಹಾಗಿದ್ದರೆ ಸಂತೆಯಲ್ಲಿ ‘ಕಾಳಿ ಮೆಹಂದಿ’ ಅಂತ ಮಾರುವ ಪುಡಿ ಅರ್ಧ ತಾಸಿನಲ್ಲಿ ಕರ್ರಗೆ ಮಾಡುವುದು ಹೇಗೆ? ಅದರಲ್ಲಿ ಸಾಮಾನ್ಯವಾಗಿ ಬೆರೆತಿರುವುದು ಅದೇ ಪಿಪಿಡಿ. ಮೇಲೆ ಎಲೆಯ ಚಿತ್ರ, ಒಳಗೆ ಡೈ. ಡೈ ಒಗ್ಗದವರು ‘ಮೆಹಂದಿ’ ಅನ್ನೋ ಹೆಸರು ನಂಬಿ ಇದನ್ನು ಹಚ್ಚಿಕೊಂಡು ಮತ್ತೆ ಮುಖ ಊದಿಸಿಕೊಳ್ಳುತ್ತಾರೆ. ಮಕ್ಕಳ ಕೈಗೆ ಕಪ್ಪು ಚಿತ್ತಾರ ಬಿಡಿಸಲು ಈ ಪುಡಿ ಬಳಸುವುದಂತೂ ಬೇಡವೇ ಬೇಡ. ಚಿತ್ತಾರದ ಗೆರೆಯ ಮೇಲೇ ಗುಳ್ಳೆ ಏಳುತ್ತದೆ, ಆ ಮಗುವಿಗೆ ಮುಂದೆ ದೊಡ್ಡವಳಾದಾಗ ತಲೆಗೂದಲ ಬಣ್ಣವೂ ಒಗ್ಗದೆ ಹೋಗಬಹುದು.

ಗಿಡದಿಂದಲೇ ಕಪ್ಪು ಬೇಕೆಂದರೆ ಎರಡು ಸಲ ಕೂರಬೇಕು. ಮೊದಲು ಶುದ್ಧ ಮದರಂಗಿ, ತೊಳೆದ ಮೇಲೆ ನೀಲಿ ಗಿಡದ ಎಲೆಯ ಪುಡಿ. ಕೆಂಪಿನ ಮೇಲೆ ನೀಲಿ ಕೂತು ಕಪ್ಪಿನ ಹತ್ತಿರ ಬರುತ್ತದೆ. ಅರ್ಧ ದಿನದ ಕೆಲಸ, ನೀರೂ ಎರಡರಷ್ಟು. ಇದಕ್ಕೂ ಚುಕ್ಕಿ ಪರೀಕ್ಷೆ ಬಿಡಬಾರದು. ಮದರಂಗಿ ಹಚ್ಚುವ ರೂಢಿಯಿದ್ದವರು ಪಾರ್ಲರಿಗೆ ಹೋದಾಗ ಅದನ್ನು ಮೊದಲೇ ಹೇಳಬೇಕು. ಕೆಲವು ಪುಡಿಗಳಲ್ಲಿ ಲೋಹದ ಲವಣ ಬೆರೆತಿರುತ್ತದೆ, ಅದರ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಹಾಳಾಗುತ್ತದೆ.

ಹಚ್ಚುವವರ ಕೈ

ಹಚ್ಚಿಸಿಕೊಂಡವರು ತಿಂಗಳಿಗೊಮ್ಮೆ ಕೂರುತ್ತಾರೆ. ಹಚ್ಚುವವರು ದಿನಕ್ಕೆ ಹತ್ತು ತಲೆ ನೋಡುತ್ತಾರೆ. ಬೆರಳ ಸಂದಿ ಒಡೆದು ಬಿರಿದ, ಉಗುರು ಕಪ್ಪಾದ ಕೈಗಳು ಈ ಕೆಲಸದಲ್ಲಿ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿ ಈ ಎರಡನ್ನೂ ಬೇರೆ ಬೇರೆಯಾಗಿ ತೂಗಿದೆ. ಸ್ವಂತಕ್ಕೆ ಬಣ್ಣ ಹಚ್ಚಿಕೊಳ್ಳುವುದರಿಂದ ಕ್ಯಾನ್ಸರ್ ಬರುತ್ತದೆಂದು ಹೇಳಲು ಸಾಕಷ್ಟು ಆಧಾರ ಇಲ್ಲ ಎಂದಿತು. ಕ್ಷೌರಿಕರು, ಕೇಶಾಲಂಕಾರದವರು ಕೆಲಸದಲ್ಲಿ ಎದುರಿಸುವ ಸಂಪರ್ಕವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿತು.

ಆದ್ದರಿಂದ ಅಂಗಡಿಯವರು ಕೈಗವಸು ಹಾಕಿಕೊಂಡು ಬಣ್ಣ ಹಚ್ಚಿದರೆ ‘ಏನ್ ಮಾಮಾ, ನನ್ನ ತಲಿ ಹೊಲಸೈತೇನು?’ ಅಂತ ಬೇಸರ ಮಾಡಿಕೊಳ್ಳಬಾರದು. ಹಾಕಿಕೊಳ್ಳದಿದ್ದರೆ ಗಿರಾಕಿಯೇ ಜ್ಞಾಪಿಸಬೇಕು. ಓಣಿಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಪಾರ್ಲರ್ ಮಾಡಿಕೊಂಡು ಸಂಸಾರ ನಡೆಸುವ ಹೆಣ್ಣುಮಕ್ಕಳಿಗೆ ಕಿಟಕಿ ತೆರೆದಿಡುವುದು, ಕೈಗವಸು ಹಾಕುವುದು ಮೈ ಕಾಯುವ ಮಾತು. ಕೈಗೆ ಅಲರ್ಜಿ ಹತ್ತಿದರೆ ಕಲಿತ ಕಸುಬನ್ನೇ ಬಿಡಬೇಕಾದೀತು.

ಉರಿ ಬಂದರೆ, ಊದಿದರೆ

ಹಚ್ಚಿದ ಮೇಲೆ ಉರಿ ಎದ್ದರೆ ‘ಇನ್ನ ಹತ್ತ ಮಿನಿಟು ತಡಕೋ’ ಅನ್ನಬಾರದು. ಆ ಕ್ಷಣವೇ ಸಾಕಷ್ಟು ನೀರು ಹಾಕಿ, ಸೌಮ್ಯ ಶಾಂಪೂವಿನಿಂದ ತೊಳೆಯಬೇಕು. ಕಣ್ಣಿಗೆ ಹಾರಿದರೆ ಬರೀ ನೀರಿನಿಂದ ಹತ್ತು-ಹದಿನೈದು ಮಿನಿಟು ತೊಳೆದು ಕಣ್ಣಿನ ಡಾಕ್ಟರರಿಗೆ ತೋರಿಸಬೇಕು. ಮುಖ, ರೆಪ್ಪೆ ಊದಿದರೆ ಅದೇ ದಿನ ದವಾಖಾನೆಗೆ ಹೋಗಬೇಕು. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದಂತಾದರೆ ಕಾಯುವುದೇ ಬೇಡ, 108ಕ್ಕೆ ಫೋನು ಮಾಡಿ. ಹೋಗುವಾಗ ಪಾಕೀಟು ಜೊತೆಗಿರಲಿ. ಯಾವ ಭಾಷೆಯಲ್ಲಿ ಹೇಳಲು ತಡವರಿಸಿದರೂ ಪಾಕೀಟು ನೋಡಿದ ಡಾಕ್ಟರರಿಗೆ ವಿಷಯ ತಿಳಿಯುತ್ತದೆ.

ಇನ್ನೊಂದು ಮಾತು ಎಲ್ಲದಕ್ಕಿಂತ ದೊಡ್ಡದು. ಈ ಬಣ್ಣ ಹೊಟ್ಟೆಗೆ ಹೋದರೆ ಘೋರ ವಿಷ. ಗಂಟಲು, ಕುತ್ತಿಗೆ ಊದಿ ಉಸಿರಾಟ ನಿಲ್ಲಬಹುದು, ಆಮೇಲೆ ಮೂತ್ರಪಿಂಡ ಕೆಡಬಹುದು. ಮಕ್ಕಳಿರುವ ಮನೆಯಲ್ಲಿ ಬಚ್ಚಲ ಗೂಡಿನಲ್ಲಿ ಶಾಂಪೂ ಪಾಕೀಟಿನ ಜೊತೆ ಇದನ್ನು ಇಡಬಾರದು, ಬೀಗದೊಳಗೆ ಇಡಬೇಕು. ಯಾರೇ ನುಂಗಿದ್ದು ತಿಳಿದರೂ ಮನೆಮದ್ದು, ವಾಂತಿ ಅಂತ ಹೊತ್ತು ಕಳೆಯದೆ ನೇರ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ತಲೆಯಲ್ಲಿ ಗಾಯ, ಗುಳ್ಳೆ, ಹುಣ್ಣು ಇರುವಾಗ ಬಣ್ಣ ಬೇಡ. ಬಸುರಿಯರು ಮೊದಲ ಮೂರು ತಿಂಗಳು ಮುಂದೂಡುವುದು ವಾಡಿಕೆ, ಆಮೇಲೂ ಡಾಕ್ಟರರನ್ನು ಕೇಳಿ ಹಚ್ಚುವುದು ಒಳಿತು. ಮೀಸೆಗೆ ಹಚ್ಚುವವರು ತುಟಿಯ ಮೇಲಿನ ಚರ್ಮ ತೆಳುವು ಅನ್ನೋದನ್ನು ಮರೆಯಬಾರದು. ಹುಬ್ಬಿಗೆ ಬೇಡ ಎಂದು ಪಾಕೀಟೇ ಹೇಳುತ್ತದೆ.

ಇನ್ನು, ಹಚ್ಚದೇ ಇರುವುದೂ ಒಂದು ದಾರಿಯೇ. ಒಗ್ಗದವರಿಗೆ ಅದೇ ಚಲೋ ದಾರಿ. ಬಿಳಿ ತಲೆಯ ಆಯಿ ಲಗ್ನದ ಪಂಕ್ತಿಯಲ್ಲಿ ಕೂತರೆ ಮದುವೆಗೇನೂ ಕೊರತೆಯಿಲ್ಲ. ಊದಿದ ಕಣ್ಣಿನೊಂದಿಗೆ ದವಾಖಾನೆಯಲ್ಲಿ ಕೂತರೆ ಮನೆ ಮಂದಿಗೆಲ್ಲ ಕೊರತೆ.

ಹಚ್ಚಲೇಬೇಕು ಅನ್ನುವವರು ಗೋಡೆಯ ಕ್ಯಾಲೆಂಡರಿನಲ್ಲಿ ಲಗ್ನದ ದಿನಕ್ಕೆ ಗುರುತು ಹಾಕುವಾಗ ಇನ್ನೊಂದು ದಿನಕ್ಕೂ ಗುರುತು ಹಾಕಲಿ. ಲಗ್ನ ರವಿವಾರ ಇದ್ದರೆ ಸೋಮವಾರ ಚುಕ್ಕಿ, ಬುಧವಾರ ಸಂಜೆ ಬಣ್ಣ. ಆಮೇಲೆ ಮೂರು ದಿನ ಕೈಯಲ್ಲಿ ಉಳಿಯುತ್ತದೆ. ಬಣ್ಣ ಮನೆಯ ಬಚ್ಚಲಲ್ಲೇ ಹಚ್ಚಲಿ, ಓಣಿಯ ಅಂಗಡಿಯಲ್ಲೇ ಹಚ್ಚಿಸಲಿ, ಅದು ಅವರವರ ಕಿಸೆಗೆ ಬಿಟ್ಟದ್ದು.